15 ಚುಕ್ಕಿ, 8ರ ತನಕ: ಕೋಡ್ ಬರೆದು ಚಿತ್ರ ಬಿಡಿಸುವ ಬಗೆ

ಅಮ್ಮನ ಹತ್ತಿರ ಒಂದು ರಂಗೋಲಿ ಪುಸ್ತಕ ಇದೆ. ಅಂಗಡಿಯಲ್ಲಿ ಕೊಂಡಿದ್ದಲ್ಲ. ನಾನು ಶಾಲೆಯಲ್ಲಿ ಬರೆದು ಬಿಟ್ಟ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳು. ಪುಟಕ್ಕೊಂದು ರಂಗೋಲಿ. ಪುಟದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಸಾಲು: "15 ಚುಕ್ಕಿ, 8ರ ತನಕ, ಸಂದು ಚುಕ್ಕಿ."

ರಂಗೋಲಿ ಹಾಕುವವರಿಗೆ ಇಷ್ಟು ಸಾಕು. ನಡುವೆ 15 ಚುಕ್ಕಿಯ ಒಂದು ಸಾಲು ಇಡಬೇಕು. ಅದರ ಮೇಲೆ 14, ಅದರ ಮೇಲೆ 13, ಹೀಗೆ ಒಂದೊಂದೇ ಕಮ್ಮಿ ಮಾಡುತ್ತಾ 8ರ ತನಕ ಹೋಗಬೇಕು. ಕೆಳಗೂ ಹಾಗೆಯೇ. ಪ್ರತಿ ಚುಕ್ಕಿಯೂ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರಬೇಕು. ಅಮ್ಮ ಇದನ್ನು ಫೋನಿನಲ್ಲಿ ಹೇಳಿದರೆ ಸಾಕು, ಬೇರೆ ಊರಿನಲ್ಲಿರುವ ಚಿಕ್ಕಮ್ಮ ಚಿತ್ರ ನೋಡದೆಯೇ ತಮ್ಮ ಅಂಗಳದಲ್ಲಿ ಅದೇ ಚುಕ್ಕಿಗಳನ್ನು ಇಡುತ್ತಾರೆ.

ನಾನು ಹತ್ತು ವರ್ಷ ಲಗ್ನಪತ್ರಿಕೆ, ಪೋಸ್ಟರ್, ವರದಿಗಳ ಪುಟವಿನ್ಯಾಸ ಮಾಡಿದವನು. ಮೌಸ್ ಹಿಡಿದು ಒಂದೊಂದೇ ಆಕಾರ ಎಳೆದು ಕೂರಿಸುವುದೇ ವಿನ್ಯಾಸ ಅಂದುಕೊಂಡಿದ್ದೆ. ಕೋಡ್ ಬರೆದು ಚಿತ್ರ ಮಾಡಲು ಕಲಿತ ಮೇಲೆ ಆ ಪೆನ್ಸಿಲ್ ಸಾಲು ಬೇರೆಯೇ ಆಗಿ ಕಾಣಿಸಿತು. ಅಮ್ಮ ಬರೆದಿಟ್ಟಿದ್ದು ಚಿತ್ರ ಹುಟ್ಟುವ ನಿಯಮವನ್ನು. ಕ್ರಿಯೇಟಿವ್ ಕೋಡಿಂಗ್ ಎನ್ನುವುದೂ ಇದೇ ಕೆಲಸ. ಅಂಗಳದ ಬದಲು ಪರದೆ ಇರುತ್ತದೆ, ಚಿಕ್ಕಮ್ಮನ ಬದಲು ಕಂಪ್ಯೂಟರ್ ಇರುತ್ತದೆ, ಅಷ್ಟೆ.

ಈ ಹೋಲಿಕೆ ನನ್ನೊಬ್ಬನದಲ್ಲ. 1970ರ ದಶಕದಲ್ಲೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಅವರ ಜೊತೆಗಾರರು ತಮಿಳುನಾಡಿನ ರಂಗೋಲಿಗಳಾದ ಕೋಲಗಳನ್ನು ಕಂಪ್ಯೂಟರ್ ವಿಜ್ಞಾನದ ಕಣ್ಣಿನಿಂದ ನೋಡಿದ್ದರು. ಭಾಷೆಗೆ ವ್ಯಾಕರಣ ಇರುವ ಹಾಗೆ ಕೋಲಕ್ಕೂ ವ್ಯಾಕರಣ ಬರೆಯಬಹುದು ಎಂದು ತೋರಿಸಿದರು.

ಇದು ಎಲ್ಲಿಂದ ಬಂತು

ಕಂಪ್ಯೂಟರ್‌ನಿಂದ ಚಿತ್ರ ಬರೆಸುವುದು 1960ರ ದಶಕದಲ್ಲೇ ಶುರುವಾಯಿತು. ಆದರೆ ಆಗ ಅದು ದೊಡ್ಡ ಯಂತ್ರಗಳ ಹತ್ತಿರ ಹೋಗಲು ಅವಕಾಶವಿದ್ದ ಕೆಲವರ ಕೆಲಸ. ವಿನ್ಯಾಸದವರ ಕೈಗೆ ಅದನ್ನು ತಂದಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್. ಅಲ್ಲಿ ಜಾನ್ ಮೇಡಾ ಕಲಾವಿದರಿಗೆಂದೇ ಒಂದು ಪುಟ್ಟ ಕೋಡಿಂಗ್ ಭಾಷೆ ಮಾಡಿದರು. ಅದರ ಕ್ಯಾನ್‌ವಾಸ್ ಬರೀ 100 ಪಿಕ್ಸೆಲ್ ಅಗಲ, 100 ಪಿಕ್ಸೆಲ್ ಎತ್ತರ. ಪಿಕ್ಸೆಲ್ ಅಂದರೆ ಪರದೆಯ ಒಂದು ಪುಟ್ಟ ಚುಕ್ಕಿ. ಬಣ್ಣ ಅಂದರೆ ಬಿಳಿಯಿಂದ ಕಪ್ಪಿನ ತನಕ ಬೂದಿಯ ಛಾಯೆಗಳು ಮಾತ್ರ. ಅವರ ಗುಂಪಿನಲ್ಲಿ ಓದುತ್ತಿದ್ದ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ 2001ರಲ್ಲಿ ಪ್ರೊಸೆಸಿಂಗ್ ಎಂಬ ಕೋಡಿಂಗ್ ಸಾಧನ ಶುರು ಮಾಡಿದರು. ಲಾರೆನ್ ಮೆಕಾರ್ತಿ 2013ರಲ್ಲಿ ಅದನ್ನೇ ಬ್ರೌಸರ್‌ಗೆ ಹೊಂದುವಂತೆ, ಬ್ರೌಸರ್‌ಗೆ ಅರ್ಥವಾಗುವ ಕೋಡಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಕಟ್ಟಲು ತೊಡಗಿದರು. ಅದೇ ಪಿ5.ಜೆಎಸ್.

ಈಗ ಕಲಿಯುವವರು ಪಿ5ನಿಂದಲೇ ಶುರು ಮಾಡಲಿ ಅನ್ನೋದು ನನ್ನ ಅಭಿಪ್ರಾಯ. ದುಡ್ಡು ಕೊಡಬೇಕಿಲ್ಲ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರ ವೆಬ್ ಎಡಿಟರ್ ತೆರೆದರೆ ಎಡಗಡೆ ಬರೆಯುವ ಜಾಗ, ಬಲಗಡೆ ಚಿತ್ರ. ಪ್ಲೇ ಬಟನ್ ಒತ್ತಿದರೆ ಆಯಿತು. ಇಲ್ಲಿ ಬರೆದ ಕೋಡಿಗೆ ಪ್ರೋಗ್ರಾಮ್ ಅನ್ನುವುದಕ್ಕಿಂತ ಸ್ಕೆಚ್ ಅನ್ನುವುದೇ ಜಾಸ್ತಿ. ಆ ಹೆಸರಲ್ಲೇ ಒಂದು ಸಲಿಗೆ ಇದೆ. ಸ್ಕೆಚ್ ಅಂದರೆ ಗೀಚಿ ನೋಡುವುದು, ಹಾಳಾದರೆ ಇನ್ನೊಂದು.

ಒಂದು ಮಾತು ಮೊದಲೇ ಹೇಳುತ್ತೇನೆ. ಆದೇಶಗಳ ಹೆಸರನ್ನು ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಮೊದಲ ಅರ್ಧ ಗಂಟೆ

ಪ್ರತಿ ಸ್ಕೆಚ್‌ನಲ್ಲಿ ಎರಡು ಭಾಗ ಇರುತ್ತವೆ. 'ಸೆಟಪ್' ಒಂದೇ ಸಲ ನಡೆಯುತ್ತದೆ. ಅಂಗಳ ಗುಡಿಸಿ ನೀರು ಹಾಕುವ ಹಾಗೆ. ಕ್ಯಾನ್‌ವಾಸ್ ಎಷ್ಟು ದೊಡ್ಡದು ಎಂದು ಇಲ್ಲಿ ಹೇಳುತ್ತೇವೆ: 'ಕ್ರಿಯೇಟ್‌ಕ್ಯಾನ್‌ವಾಸ್(400, 400)'. 'ಡ್ರಾ' ಮಾತ್ರ ಸೆಕೆಂಡಿಗೆ ಸುಮಾರು 60 ಸಲ, ನಿಲ್ಲಿಸುವ ತನಕ ನಡೆಯುತ್ತಲೇ ಇರುತ್ತದೆ. ಚಲನೆ ಬರುವುದು ಇದರಿಂದಲೇ. ಪ್ರತಿ ಸಲವೂ ವೃತ್ತವನ್ನು ಒಂದು ಪಿಕ್ಸೆಲ್ ಸರಿಸಿದರೆ ಅದು ಓಡುತ್ತಿರುವಂತೆ ಕಾಣುತ್ತದೆ.

'ಸರ್ಕಲ್(200, 200, 50)' ಎಂದು ಬರೆದರೆ ಎಡ ಅಂಚಿನಿಂದ 200, ಮೇಲಿನ ಅಂಚಿನಿಂದ 200 ದೂರದಲ್ಲಿ 50 ಪಿಕ್ಸೆಲ್ ವ್ಯಾಸದ ವೃತ್ತ ಬರುತ್ತದೆ. ಮೇಲಿನ ಅಂಚಿನಿಂದ ಎನ್ನುವುದನ್ನು ಗಟ್ಟಿಯಾಗಿ ನೆನಪಿಡಿ. ಶಾಲೆಯ ಗ್ರಾಫ್ ಹಾಳೆಯಲ್ಲಿ ಮೇಲೆ ಹೋದಷ್ಟೂ ಸಂಖ್ಯೆ ದೊಡ್ಡದಾಗುತ್ತಿತ್ತು. ಇಲ್ಲಿ ಕೆಳಗೆ ಇಳಿದಷ್ಟೂ ದೊಡ್ಡದಾಗುತ್ತದೆ. ಮುಂದೆ ಮಳೆಯ ಲೆಕ್ಕಕ್ಕೆ ಹೋದಾಗ ಇದು ಕಾಡುತ್ತದೆ.

ಈಗ ಅಮ್ಮನ ರಂಗೋಲಿಗೆ ಬನ್ನಿ. 15ರಿಂದ 8ಕ್ಕೆ ಇಳಿಯುವ ಚುಕ್ಕಿಗಳು ಒಟ್ಟು ಎಷ್ಟು? ನಡುವಿನ 15, ಮೇಲೆ 77, ಕೆಳಗೆ 77. ಒಟ್ಟು 169. ಇಷ್ಟನ್ನೂ ಒಂದೊಂದಾಗಿ 'ಸರ್ಕಲ್' ಎಂದು ಬರೆಯುತ್ತಾ ಕೂರಲು ಆಗದು. ಅದಕ್ಕೆ ಲೂಪ್ ಬೇಕು. ಲೂಪ್ ಅಂದರೆ "ಇದನ್ನೇ ಇಷ್ಟು ಸಲ ಮಾಡು" ಅನ್ನುವ ಆದೇಶ.

ನಡುವಿನ ಸಾಲನ್ನು 0 ಅನ್ನೋಣ. ಮೇಲಿನ ಸಾಲುಗಳು −1, −2 ಎಂದು −7ರ ತನಕ. ಕೆಳಗಿನವು 1ರಿಂದ 7ರ ತನಕ. ಒಂದು ಸಾಲಿನಲ್ಲಿ ಎಷ್ಟು ಚುಕ್ಕಿ ಎಂದರೆ 15ರಲ್ಲಿ ಆ ಸಾಲಿನ ನಂಬರನ್ನು, ಮೈನಸ್ ಗುರುತು ಬಿಟ್ಟು, ಕಳೆದರಾಯಿತು. 0ನೇ ಸಾಲಿಗೆ 15, 3ನೇ ಸಾಲಿಗೆ 12, −7ನೇ ಸಾಲಿಗೆ 8. ಹೊರಗೆ ಸಾಲುಗಳ ಲೂಪ್, ಅದರ ಹೊಟ್ಟೆಯಲ್ಲಿ ಚುಕ್ಕಿಗಳ ಲೂಪ್. ಪ್ರತಿ ಸಾಲನ್ನೂ ನಡುವಿಗೆ ಸರಿಹೊಂದಿಸಿದರೆ ಸಂದು ಚುಕ್ಕಿ ತಾನಾಗಿಯೇ ಬರುತ್ತದೆ. ಒಂದೊಂದು ಚುಕ್ಕಿ ಕಮ್ಮಿಯಾದಾಗ ಸಾಲು ಎರಡೂ ಕಡೆಯಿಂದ ಅರ್ಧರ್ಧ ಒಳಗೆ ಸರಿಯುತ್ತದಲ್ಲ, ಅದಕ್ಕೆ. ಸಾಲಿನಿಂದ ಸಾಲಿಗೆ ಇರುವ ದೂರವನ್ನು ಚುಕ್ಕಿಯಿಂದ ಚುಕ್ಕಿಗಿರುವ ದೂರದ 0.87ರಷ್ಟು ಇಟ್ಟರೆ ಎಲ್ಲ ಕಡೆಯೂ ಸಮಬಾಹು ತ್ರಿಕೋನ ಬರುತ್ತದೆ. ಅಮ್ಮನ ಬೆರಳು ಇದನ್ನು ಅಂದಾಜಿನಲ್ಲೇ ಮಾಡುತ್ತದೆ.

ಹತ್ತು ಸಾಲಿನ ಒಳಗೆ ಮುಗಿಯುವ ಕೋಡ್ ಇದು. ಆಮೇಲೆ 15ನ್ನು 21 ಮಾಡಿ ಪ್ಲೇ ಒತ್ತಿ. ಸಾಲುಗಳು 8ರ ತನಕ ಇಳಿಯಬೇಕೆಂದರೆ −7 ಮತ್ತು 7 ಕೂಡ −13 ಮತ್ತು 13 ಆಗಬೇಕು ಎಂದು ನಿಮಗೇ ಹೊಳೆಯುತ್ತದೆ. ನಿಯಮದ ಒಳಗಿನ ಯಾವ ಸಂಖ್ಯೆ ಯಾವುದಕ್ಕೆ ಕಟ್ಟಿಕೊಂಡಿದೆ ಎಂದು ಹೊಳೆಯುವ ಈ ಕ್ಷಣವೇ ಕಲಿಕೆಯ ತಿರುಳು ಎಂದು ನಾನು ನಂಬಿದ್ದೇನೆ.

ಹೊಸಬರಿಗೆ ಖುಷಿ ಕೊಡುವ ಇನ್ನೊಂದು ವಿಷಯ: ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್‌ಗಳಿಗೆ (ಸಂಖ್ಯೆಗಳನ್ನು ಹಾಕಿಡುವ ಡಬ್ಬಿಗಳಿಗೆ) ಕನ್ನಡದಲ್ಲೇ ಹೆಸರಿಡಬಹುದು. ಸಾಲು, ಚುಕ್ಕಿ, ಅಂತರ, ಮಳೆ ಎಂದು ಕನ್ನಡ ಲಿಪಿಯಲ್ಲಿ ಬರೆದರೂ ಕೋಡ್ ಓಡುತ್ತದೆ. ಇಂಗ್ಲಿಷ್ ಎಂದರೆ ಹಿಂಜರಿಯುವ ಮಕ್ಕಳಿಗೆ ಹೇಳಿಕೊಡುವಾಗ ಇದರಿಂದ ತುಂಬ ಉಪಯೋಗವಾಗಿದೆ.

ಸ್ವಲ್ಪ ಅಲುಗಾಡಿಸುವುದು

ಅಚ್ಚುಕಟ್ಟಾದ ಸಾಲು ಬಂದ ಮೇಲೆ ಅದನ್ನು ಸ್ವಲ್ಪ ಕೆಡಿಸಿ ನೋಡಬೇಕು. ಜರ್ಮನಿಯ ಗಿಯೋರ್ಗ್ ನೀಸ್ ಇದನ್ನು 1968ರಲ್ಲೇ ಮಾಡಿದರು. ಸೀಮೆನ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ ಅವರು. ಅವರ ಒಂದು ಚಿತ್ರದಲ್ಲಿ ಅಡ್ಡಕ್ಕೆ 12, ಉದ್ದಕ್ಕೆ 22 ಚೌಕಗಳಿವೆ. ಮೇಲಿನ ಸಾಲುಗಳು ಸಿಪಾಯಿಗಳ ಹಾಗೆ ನೆಟ್ಟಗೆ ನಿಂತಿವೆ. ಕೆಳಗೆ ಬರುತ್ತಾ ಬರುತ್ತಾ ಚೌಕಗಳು ವಾಲುತ್ತವೆ, ಜಾರುತ್ತವೆ, ಕೊನೆಗೆ ಲಾರಿಯಿಂದ ಸುರಿದ ಜಲ್ಲಿ ಹಾಗೆ ಬಿದ್ದಿರುತ್ತವೆ. ಚಿತ್ರದ ಜರ್ಮನ್ ಹೆಸರಿನ ಅರ್ಥವೂ ಜಲ್ಲಿ ಅಂತಲೇ. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬಾಳಿದ ವೆರಾ ಮೊಲ್ನಾರ್ ಕೂಡ 1968ರಲ್ಲೇ ಕಂಪ್ಯೂಟರ್ ಹಿಡಿದರು. ಒಂದು ಚೌಕವನ್ನು ಎಷ್ಟು ಕದಲಿಸಿದರೆ ಅದು ಚೌಕವಾಗಿ ಉಳಿಯುವುದಿಲ್ಲ ಎಂದು ದಶಕಗಟ್ಟಲೆ ಹುಡುಕಿದರು.

ನೀಸ್ ಅವರ ನಿಯಮವನ್ನು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಹೇಳಬಹುದು: ಮೇಲಿನಿಂದ ಎಣಿಸಿದಾಗ ಸಾಲಿನ ನಂಬರ್ ದೊಡ್ಡದಾದಷ್ಟೂ ಅಲುಗಾಟ ದೊಡ್ಡದು. 'ರ್ಯಾಂಡಮ್(−5, 5)' ಎಂದರೆ ಆ ಎರಡರ ನಡುವಿನ ಯಾವುದೋ ಒಂದು ಸಂಖ್ಯೆ ಸಿಗುತ್ತದೆ. 5ರ ಜಾಗದಲ್ಲಿ ಸಾಲಿನ ನಂಬರನ್ನೇ ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಉಳಿದ ಅರ್ಧ ಎಂದರೆ ತಿರುಗಿಸುವುದು. ಹೊಸಬರು ಜಾಸ್ತಿ ಒದ್ದಾಡುವುದು ಇಲ್ಲೇ. 'ರೋಟೇಟ್' ಅಂದರೆ ಚೌಕ ತಿರುಗುತ್ತದೆ ಅಂದುಕೊಳ್ಳುತ್ತಾರೆ. ನಿಜಕ್ಕೂ ತಿರುಗುವುದು ಹಾಳೆ, ಅದೂ ತನ್ನ ಎಡ ಮೇಲ್ಮೂಲೆಯ ಸುತ್ತ. ಮೆಹಂದಿ ಹಾಕುವವರು ಕೋನ್ ಹಿಡಿದ ಕೈಯನ್ನು ಹಾಗೆಯೇ ಇಟ್ಟು ನಿಮ್ಮ ಅಂಗೈಯನ್ನು ತಿರುಗಿಸಿಕೊಳ್ಳುತ್ತಾರಲ್ಲ, ಹಾಗೆ. ಅದಕ್ಕೆ ಮೊದಲು 'ಟ್ರಾನ್ಸ್‌ಲೇಟ್' ಹಾಕಿ ಹಾಳೆಯ ಮೂಲೆಯನ್ನು ಚೌಕ ಬರಬೇಕಾದ ಜಾಗಕ್ಕೆ ಎಳೆಯಬೇಕು. ಆಮೇಲೆ ತಿರುಗಿಸಬೇಕು, ಆಮೇಲೆ ಚೌಕ ಬಿಡಿಸಬೇಕು. ಇಷ್ಟಕ್ಕೂ ಮುಂಚೆ 'ಪುಷ್', ಕೊನೆಯಲ್ಲಿ 'ಪಾಪ್'. ಹಾಳೆ ಈಗ ಹೇಗಿದೆಯೋ ಹಾಗೆ ನೆನಪಿಟ್ಟುಕೋ, ಕೆಲಸ ಮುಗಿದ ಮೇಲೆ ವಾಪಸ್ ಅಲ್ಲಿಗೇ ಬಾ ಎಂದು ಅದರ ಅರ್ಥ. ಇದನ್ನು ಮರೆತರೆ ಪ್ರತಿ ಚೌಕವೂ ಹಿಂದಿನ ಚೌಕದ ತಿರುವಿನ ಮೇಲೆ ತಿರುಗಿ ಚಿತ್ರ ಪರದೆಯಿಂದಲೇ ಆಚೆ ಹೋಗುತ್ತದೆ.

ಇನ್ನೊಂದು ಸಮಸ್ಯೆ ಎಲ್ಲರಿಗೂ ಬರುತ್ತದೆ. ಪ್ಲೇ ಒತ್ತಿದ ತಕ್ಷಣ ಚೌಕಗಳೆಲ್ಲ ಗಡಗಡ ನಡುಗುತ್ತವೆ. 'ಡ್ರಾ' ಸೆಕೆಂಡಿಗೆ 60 ಸಲ ನಡೆಯುತ್ತದೆ ಎಂದೆನಲ್ಲ, ಪ್ರತಿ ಸಲವೂ 'ರ್ಯಾಂಡಮ್' ಹೊಸ ಸಂಖ್ಯೆ ಕೊಡುತ್ತದೆ. ನಿಂತ ಚಿತ್ರ ಸಾಕು ಎಂದರೆ 'ನೋಲೂಪ್' ಹಾಕಿ. ಚಿತ್ರ ಇಷ್ಟವಾಗಿ ನಾಳೆಯೂ ಅದೇ ಬೇಕು ಎಂದರೆ 'ರ್ಯಾಂಡಮ್‌ಸೀಡ್(7)' ಎಂದು ಒಂದು ಸಂಖ್ಯೆ ಕೊಡಿ. 7 ಕೊಟ್ಟಾಗಲೆಲ್ಲ ಅದೇ ಚಿತ್ರ ಬರುತ್ತದೆ. ಪ್ರಿಂಟಿಗೆ ಕಳಿಸುವವರಿಗೆ ಇದು ತುಂಬ ಮುಖ್ಯ. ಗಿರಾಕಿ ಒಪ್ಪಿದ ಚಿತ್ರವೇ ಅಚ್ಚಾಗಬೇಕು, ಅಲ್ವಾ?

'ರ್ಯಾಂಡಮ್'ಗೆ 'ನಾಯ್ಸ್' ಎಂಬ ತಂಗಿ ಇದ್ದಾಳೆ. 'ರ್ಯಾಂಡಮ್' ಕೊಡುವ ಸಂಖ್ಯೆಗಳಿಗೆ ಒಂದಕ್ಕೊಂದು ಸಂಬಂಧ ಇರುವುದಿಲ್ಲ. 'ನಾಯ್ಸ್' ಕೊಡುವ ಸಂಖ್ಯೆಗಳು ನಯವಾಗಿ ಏರಿ ಇಳಿಯುತ್ತವೆ. ಊದುಬತ್ತಿಯ ಹೊಗೆ, ಗುಡ್ಡದ ಸಾಲು, ಕೆರೆ ನೀರಿನ ಅಲೆ ಮಾಡಬೇಕಾದರೆ ಇದೇ ಬೇಕು. 1980ರ ದಶಕದ ಮೊದಲಲ್ಲಿ ಇದನ್ನು ಕಂಡುಹಿಡಿದ ಕೆನ್ ಪರ್ಲಿನ್ ಅವರಿಗೆ ಆಸ್ಕರ್ ಕೊಡುವ ಅಕಾಡೆಮಿಯೇ 1997ರಲ್ಲಿ ತಾಂತ್ರಿಕ ಪ್ರಶಸ್ತಿ ಕೊಟ್ಟಿತು.

ಮಳೆಯನ್ನು ಚಿತ್ರ ಮಾಡುವುದು

ಇಲ್ಲಿಂದ ವಿಷಯ ಗಂಭೀರವಾಗುತ್ತದೆ. ಇಷ್ಟು ಹೊತ್ತು ನಿಯಮದೊಳಗಿನ ಸಂಖ್ಯೆಗಳನ್ನು ನಾವೇ ಇಷ್ಟ ಬಂದ ಹಾಗೆ ಆರಿಸಿಕೊಂಡೆವು. ಡೇಟಾ ವಿಶುವಲೈಸೇಶನ್‌ನಲ್ಲಿ, ಅಂದರೆ ಅಂಕಿಅಂಶಗಳನ್ನು ಚಿತ್ರ ಮಾಡುವಾಗ, ಸಂಖ್ಯೆ ಹೊರಗಿನಿಂದ ಬರುತ್ತದೆ. ಮಳೆ, ಬೆಲೆ, ಮತ, ಸಾವು. ಆ ಸಂಖ್ಯೆ ಯಾವ ಆಕಾರ ಆಗಬೇಕು ಅನ್ನುವ ನಿಯಮ ಮಾತ್ರ ನಮ್ಮದು. ನಿಯಮ ತಪ್ಪಿದರೆ ಸರಿಯಾದ ಸಂಖ್ಯೆಯೂ ಸುಳ್ಳು ಹೇಳುತ್ತದೆ.

ಬೆಂಗಳೂರಿನ ತಿಂಗಳ ಸರಾಸರಿ ಮಳೆ ತೆಗೆದುಕೊಳ್ಳೋಣ. ಜನವರಿಯಲ್ಲಿ ಸುಮಾರು 2 ಮಿ.ಮೀ., ಇಲ್ಲವೇ ಇಲ್ಲ ಎನ್ನುವಷ್ಟು. ಎಲ್ಲಕ್ಕಿಂತ ಜಾಸ್ತಿ ಸೆಪ್ಟೆಂಬರ್‌ನಲ್ಲಿ, 200 ಮಿ.ಮೀ. ದಾಟುತ್ತದೆ. ಹನ್ನೆರಡು ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಕೈಯಲ್ಲೇ ಟೈಪ್ ಮಾಡಿ. ಫೈಲಿನಿಂದ ಓದಿಸುವುದು ಆಮೇಲೆ ಇರಲಿ. ಪಿ5ನ ಹಳೆಯ ಪಾಠಗಳಿಗೂ ಎರಡನೇ ಆವೃತ್ತಿಗೂ ಫೈಲ್ ಓದಿಸುವ ಕ್ರಮ ಬದಲಾಗಿದೆ. ಸುಮ್ನೆ ಮೊದಲ ದಿನವೇ ಅದರಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ.

200 ಮಿ.ಮೀ. ಎಂದರೆ ಪರದೆಯಲ್ಲಿ ಎಷ್ಟು ಎತ್ತರ? ಇದಕ್ಕೆ 'ಮ್ಯಾಪ್' ಇದೆ. 'ಮ್ಯಾಪ್(200, 0, 250, 0, 300)' ಎಂದರೆ, 0ಯಿಂದ 250ರ ಅಳತೆಯಲ್ಲಿ 200 ಎಲ್ಲಿದೆಯೋ, 0ಯಿಂದ 300ರ ಅಳತೆಯಲ್ಲಿ ಅದೇ ಜಾಗ ಹೇಳು ಎಂದು. ಉತ್ತರ 240 ಪಿಕ್ಸೆಲ್. ಶಾಲೆಯ ತ್ರೈರಾಶಿ ಲೆಕ್ಕವೇ ಇದು. ಈ ಒಂದು ಆದೇಶ ಕೈಗೆ ಬಂದರೆ ಡೇಟಾ ಚಿತ್ರದ ಬಾಗಿಲು ತೆರೆದಂತೆ.

ಹನ್ನೆರಡು ಕಂಬ ಬಿಡಿಸಿದಿರಿ. ಪ್ಲೇ ಒತ್ತಿದರೆ ಕಂಬಗಳೆಲ್ಲ ಮೇಲಿನಿಂದ ಬಾವಲಿಗಳ ಹಾಗೆ ಜೋತಾಡುತ್ತಿರುತ್ತವೆ. ಕೆಳಗೆ ಇಳಿದಷ್ಟೂ ಸಂಖ್ಯೆ ದೊಡ್ಡದು ಅಂದಿದ್ದು ನೆನಪಿದೆಯಾ? ಕಂಬದ ಬುಡ 350ರಲ್ಲಿ ಇರಬೇಕು ಎಂದರೆ, ಶುರುವಿನ ಜಾಗ 350ರಲ್ಲಿ ಎತ್ತರ ಕಳೆದದ್ದು. ಸೆಪ್ಟೆಂಬರ್‌ಗೆ 110. ಅಲ್ಲಿಂದ 240 ಕೆಳಗೆ ಎಳೆದರೆ ಬುಡ ನೆಲಕ್ಕೆ ಕೂರುತ್ತದೆ. ಮೇ ತಿಂಗಳಲ್ಲಿ ಒಂದು ಏರು, ಜೂನ್–ಜುಲೈನಲ್ಲಿ ಹಾಗೇ ನಿಂತು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ದೊಡ್ಡ ಏರು. ಮುಂಗಾರು ಎಂದರೆ ಜೂನ್ ಎಂದು ನಂಬಿದ ಕರಾವಳಿಯವರಿಗೆ ಈ ಚಿತ್ರ ವಿಚಿತ್ರ ಅನಿಸುತ್ತದೆ.

ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಒಂದು ಸಂಸ್ಥೆಯ ವರದಿಗೆ ಊರೂರಿನ ಮಳೆಯನ್ನು ವೃತ್ತಗಳಲ್ಲಿ ತೋರಿಸಿದ್ದೆ. ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ: ಬೆಂಗಳೂರಿಗೆ ವರ್ಷಕ್ಕೆ 1000 ಮಿ.ಮೀ., ಆಗುಂಬೆಗೆ 7000. ಬೆಂಗಳೂರಿಗೆ 40 ಪಿಕ್ಸೆಲ್ ವ್ಯಾಸ ಕೊಟ್ಟೆ, ಏಳು ಪಟ್ಟು ಎಂದು ಆಗುಂಬೆಗೆ 280 ಕೊಟ್ಟೆ. ಲೆಕ್ಕ ಸರಿ ಇದೆ ಅನಿಸಿತು. ಅಚ್ಚಾಗಿ ಬಂದ ಮೇಲೆ ಒಬ್ಬ ಮೇಷ್ಟ್ರು ನೋಡಿ, "ಇದು ಏಳು ಪಟ್ಟಿನ ಹಾಗೆ ಕಾಣಲ್ಲವಲ್ಲಪ್ಪ" ಎಂದರು. ಅವರ ಮಾತು ನಿಜವಾಗಿತ್ತು. ಕಣ್ಣು ವ್ಯಾಸ ಅಳೆಯುವುದಿಲ್ಲ, ವೃತ್ತ ತುಂಬಿದ ಜಾಗವನ್ನು ನೋಡುತ್ತದೆ. ವ್ಯಾಸ ಏಳು ಪಟ್ಟಾದರೆ ಜಾಗ 49 ಪಟ್ಟಾಗುತ್ತದೆ. ನಾನು ಆಗುಂಬೆಯ ಮಳೆಯನ್ನು ಬೆಂಗಳೂರಿನ 49 ಪಟ್ಟು ಮಾಡಿ ತೋರಿಸಿದ್ದೆ. ಸರಿಯಾದ ನಿಯಮದಲ್ಲಿ ಮೊದಲು ವರ್ಗಮೂಲ ತೆಗೆಯಬೇಕು. ಏಳರ ವರ್ಗಮೂಲ ಸುಮಾರು 2.65. ಹಾಗಾಗಿ ಆಗುಂಬೆಯ ವ್ಯಾಸ 106. ಕೋಡ್‌ನಲ್ಲಿ ವರ್ಗಮೂಲ ತೆಗೆಯುವ 'ಎಸ್‌ಕ್ಯೂಆರ್‌ಟಿ' (sqrt) ಎಂಬ ಒಂದು ಪದದ ವ್ಯತ್ಯಾಸ. ಆ ವರದಿಯ ಪ್ರತಿಗಳು ಆಗಲೇ ಹಂಚಿಹೋಗಿದ್ದವು. ಇವತ್ತಿಗೂ ವೃತ್ತ ಬಿಡಿಸುವಾಗ ಮೊದಲು ಆ ಮೇಷ್ಟ್ರ ಮಾತು ನೆನಪಾಗುತ್ತದೆ.

ಜಾಗ ಸರಿ ಮಾಡಿದರೂ ವೃತ್ತಕ್ಕೆ ಒಂದು ಮಿತಿ ಇದೆ. 1984ರಲ್ಲಿ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಜನರ ಕಣ್ಣು ಯಾವ ಆಕಾರವನ್ನು ಎಷ್ಟು ಸರಿಯಾಗಿ ಅಳೆಯುತ್ತದೆ ಎಂದು ಪರೀಕ್ಷಿಸಿದರು. ಒಂದೇ ಅಳತೆಗೋಲಿನ ಮೇಲೆ ಯಾವುದು ಎಲ್ಲಿದೆ ಎಂದು ಗುರುತಿಸುವುದರಲ್ಲಿ ಕಣ್ಣು ಚುರುಕು. ಆಮೇಲೆ ಉದ್ದ, ಆಮೇಲೆ ಕೋನ, ಆಮೇಲೆ ಜಾಗ. ಬಣ್ಣದ ಗಾಢತೆ ಕೊನೆಯಲ್ಲಿ. ಹಾಗಾಗಿ ನಿಖರವಾಗಿ ಹೋಲಿಸಬೇಕಾದ ಕಡೆ ಕಂಬ ಅಥವಾ ಚುಕ್ಕಿ. ಒಟ್ಟಾರೆ ಅಂದಾಜು ಸಾಕು ಎನ್ನುವ ಕಡೆ ವೃತ್ತ, ಬಣ್ಣ.

ಇದರರ್ಥ ಬಣ್ಣ ಕೆಲಸಕ್ಕೆ ಬಾರದು ಅಂತಲ್ಲ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ 2018ರಲ್ಲಿ ಮಾಡಿದ ತಾಪಮಾನದ ಪಟ್ಟೆಗಳನ್ನು ನೀವು ನೋಡಿರಬಹುದು. ವರ್ಷಕ್ಕೊಂದು ಪಟ್ಟೆ, ತಂಪಾದ ವರ್ಷಕ್ಕೆ ನೀಲಿ, ಬಿಸಿ ವರ್ಷಕ್ಕೆ ಕೆಂಪು. ಸಂಖ್ಯೆ ಇಲ್ಲ, ಅಕ್ಷರ ಇಲ್ಲ. ಎಡದಿಂದ ಬಲಕ್ಕೆ ನೋಡಿದರೆ ಭೂಮಿ ಕಾಯುತ್ತಿರುವುದು ಎದೆಗೆ ತಾಗುತ್ತದೆ. ಪಿ5ನಲ್ಲಿ 'ಲರ್ಪ್‌ಕಲರ್' ಎಂಬ ಆದೇಶ ಎರಡು ಬಣ್ಣಗಳ ನಡುವಿನ ಛಾಯೆ ಕೊಡುತ್ತದೆ. ಅದನ್ನು 'ಮ್ಯಾಪ್' ಜೊತೆ ಸೇರಿಸಿದರೆ ನಿಮ್ಮ ಊರಿನ ಪಟ್ಟೆಗಳನ್ನು ನೀವೇ ಮಾಡಬಹುದು. ಕೆಂಪು–ಹಸಿರು ಜೋಡಿಯನ್ನು ಮಾತ್ರ ಬಿಟ್ಟುಬಿಡಿ. ಆ ಎರಡನ್ನು ಬೇರೆ ಮಾಡಿ ಕಾಣಲಾಗದವರು ನಮ್ಮ ನಡುವೆಯೇ ಇದ್ದಾರೆ.

ಇನ್ನೊಂದು ಎಚ್ಚರಿಕೆ. ಪೋಸ್ಟರ್ ಮಾಡುವಾಗ 'ರ್ಯಾಂಡಮ್' ಗೆಳೆಯ. ಡೇಟಾ ಚಿತ್ರದಲ್ಲಿ ಅದರ ಬಗ್ಗೆ ಅನುಮಾನ ಇರಲಿ. ಮಳೆ ಕಂಬದ ತುದಿ ಚೆಂದ ಕಾಣಲಿ ಎಂದು ಸ್ವಲ್ಪ ಅಲುಗಿಸಿದರೆ, ನೋಡುವವರಿಗೆ ಯಾವ ಅಲುಗಾಟ ಮಳೆಯದು, ಯಾವುದು ನಿಮ್ಮದು ಎಂದು ತಿಳಿಯುವುದಿಲ್ಲ. ಒಂದರ ಮೇಲೊಂದು ಬಿದ್ದ ಚುಕ್ಕಿಗಳನ್ನು ಬಿಡಿಸಿ ತೋರಿಸಲು ಅಡ್ಡಕ್ಕೆ ತುಸು ಸರಿಸುವುದು ಸರಿ. ಅಡ್ಡ ದಿಕ್ಕಿಗೆ ಅಲ್ಲಿ ಅರ್ಥ ಇಲ್ಲದಿದ್ದರೆ ಮಾತ್ರ.

ಕನ್ನಡ ಅಕ್ಷರ ಒಡೆಯುವ ಕಡೆ

ಇಂಗ್ಲಿಷ್ ಪಾಠಗಳು ಹೇಳಿಕೊಡದ ಒಂದು ವಿಷಯ ಇದೆ. ಅಕ್ಷರಗಳನ್ನು ಒಂದೊಂದಾಗಿ ಹಾರಿಸುವ, ಸುತ್ತಿಸುವ ಪೋಸ್ಟರ್‌ಗಳನ್ನು ನೋಡಿ "ನಾನೂ ಕನ್ನಡದಲ್ಲಿ ಮಾಡುತ್ತೇನೆ" ಎಂದು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. 'ಕನ್ನಡ' ಎಂಬ ಪದದ ಉದ್ದ ಎಷ್ಟು ಎಂದು ಜಾವಾಸ್ಕ್ರಿಪ್ಟ್ ಅನ್ನು ಕೇಳಿ. ಮೂರು ಎನ್ನುವುದಿಲ್ಲ, 5 ಎನ್ನುತ್ತದೆ. ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್ ಬಳಸುವ ಸಂಕೇತಗಳ ಪಟ್ಟಿಯಲ್ಲಿ, ಒತ್ತು ಬರುವುದು ಹೀಗೆ ಮೂರು ತುಂಡು ಸೇರಿ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಆರು ತುಂಡುಗಳಿವೆ. ಇಂಗ್ಲಿಷ್ ಪಾಠದ ಲೂಪ್ ಅನ್ನು ಹಾಗೆಯೇ ಓಡಿಸಿದರೆ ಒತ್ತು ಒಂದು ಕಡೆ, ಗುಣಿತದ ಕೊಂಬು ಇನ್ನೊಂದು ಕಡೆ ಬಿದ್ದಿರುತ್ತವೆ.

ಪರಿಹಾರ ಕಷ್ಟವಿಲ್ಲ. ತುಂಡುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಗುಣಿತದ ಚಿಹ್ನೆಯೋ, ಸೊನ್ನೆಯೋ, ಅರ್ಧಾಕ್ಷರದ ಗುರುತೋ ಬಂದರೆ ಹಿಂದಿನದಕ್ಕೆ ಅಂಟಿಸಿ. ಅರ್ಧಾಕ್ಷರದ ಗುರುತಿನ ಬೆನ್ನಿಗೇ ವ್ಯಂಜನ ಬಂದರೆ ಅದನ್ನೂ ಹಿಂದಿನದಕ್ಕೇ ಅಂಟಿಸಿ. ಬೇರೇನೇ ಬಂದರೂ ಹೊಸ ಅಕ್ಷರ ಶುರು. ಒಂದನೇ ಕ್ಲಾಸಿನಲ್ಲಿ ಕಲಿತ ಕಾಗುಣಿತ, ಒತ್ತಕ್ಷರವೇ ಇಲ್ಲಿ ನಿಯಮವಾಗಿ ಬರುತ್ತದೆ.

ಅಕ್ಷರವನ್ನು ಚುಕ್ಕಿಗಳಲ್ಲಿ ತುಂಬಿಸಲು ನನಗೆ ಹಿಡಿಸಿದ ಉಪಾಯ ಹೀಗಿದೆ. ಕಣ್ಣಿಗೆ ಕಾಣದ ಇನ್ನೊಂದು ಕ್ಯಾನ್‌ವಾಸ್ ಮಾಡಿ, 'ಕ್ರಿಯೇಟ್‌ಗ್ರಾಫಿಕ್ಸ್' ಅದಕ್ಕೇ ಇದೆ. ಅದರಲ್ಲಿ ಬಿಳಿ ಹಾಳೆಯ ಮೇಲೆ ದೊಡ್ಡದಾಗಿ ಕಪ್ಪಿನಲ್ಲಿ ಪದ ಬರೆಯಿಸಿ. ಇಲ್ಲಿ ಒತ್ತು, ಗುಣಿತ ಜೋಡಿಸುವ ಕೆಲಸವನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ಆಮೇಲೆ ಆರು ಪಿಕ್ಸೆಲ್‌ಗೊಂದರಂತೆ ಆ ಹಾಳೆಯ ಬಣ್ಣ ಕೇಳುತ್ತಾ ಹೋಗಿ. ಕಪ್ಪು ಸಿಕ್ಕ ಕಡೆಯೆಲ್ಲ ನಿಜವಾದ ಕ್ಯಾನ್‌ವಾಸ್‌ನಲ್ಲಿ ಒಂದು ಚುಕ್ಕಿ. ಈಗ ಆ ಚುಕ್ಕಿಗಳನ್ನು ನಡುಗಿಸಿ, ಬೆಳೆಸಿ, ಮಳೆಯ ಸಂಖ್ಯೆಗೆ ಕಟ್ಟಿ, ಏನು ಬೇಕಾದರೂ ಮಾಡಿ. ಎರಡೂ ಕ್ಯಾನ್‌ವಾಸ್‌ಗಳಿಗೆ 'ಪಿಕ್ಸೆಲ್‌ಡೆನ್ಸಿಟಿ(1)' ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಹೊಸ ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಲೆಕ್ಕ ತಪ್ಪುತ್ತದೆ.

ಡಿಟಿಪಿಯಿಂದ, ಅಂದರೆ ಕಂಪ್ಯೂಟರ್ ಪುಟವಿನ್ಯಾಸದಿಂದ, ಬಂದವರಿಗೆ ಒಂದು ಮಾತು. 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಫೈಲುಗಳ ಪಠ್ಯ ಯುನಿಕೋಡ್ ಆಗಿರುವುದಿಲ್ಲ. ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಪ್ರಿಂಟ್, ಮತ್ತು ಮುಂದಿನ ದಾರಿ

400 ಪಿಕ್ಸೆಲ್ ಚಿತ್ರ ಪರದೆಗೆ ಸಾಕು, ಕಾಗದಕ್ಕೆ ಸಾಲದು. ಎ4 ಹಾಳೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕೆಂದರೆ ಕ್ಯಾನ್‌ವಾಸ್ 2480 ಅಗಲ, 3508 ಎತ್ತರ ಇರಬೇಕು. ಕೋಡ್‌ನಲ್ಲಿ 200, 350 ಎಂದು ನೇರ ಸಂಖ್ಯೆ ಬರೆದಿದ್ದರೆ ಚಿತ್ರ ಒಂದು ಮೂಲೆಯಲ್ಲಿ ಮುದುಡಿ ಕೂರುತ್ತದೆ. ಅದಕ್ಕೇ ಮೊದಲಿನಿಂದಲೂ "ಅಗಲದ ಅರ್ಧ", "ಎತ್ತರದ ಹತ್ತನೇ ಒಂದು" ಎಂದು ಬರೆಯುವ ಅಭ್ಯಾಸ ಒಳ್ಳೆಯದು. ಉಳಿಸಲು 'ಸೇವ್‌ಕ್ಯಾನ್‌ವಾಸ್'. ಪರದೆಯ ಹೊಳೆಯುವ ಹಸಿರು, ನೀಲಿ ಅಚ್ಚಿನಲ್ಲಿ ಮಂಕಾಗುತ್ತವೆ ಎಂದು ಪ್ರೆಸ್ಸಿನವರಿಗೆ ಗೊತ್ತೇ ಇದೆ.

ಬೇರೆ ಸಾಧನಗಳೂ ಇವೆ. ವೆಬ್‌ಸೈಟಿನಲ್ಲಿ ಮುಟ್ಟಿದರೆ ಮಾತಾಡುವ ಚಾರ್ಟ್ ಬೇಕಿದ್ದರೆ ಸ್ಟ್ಯಾನ್‌ಫರ್ಡ್‌ನಿಂದ 2011ರಲ್ಲಿ ಬಂದ ಡಿ3. ಅದು ಗಟ್ಟಿ, ಆದರೆ ಕಲಿಯಲು ಕಡಿದಾದ ಏರು. ಪಿ5ನಲ್ಲಿ 'ಮ್ಯಾಪ್' ಅನ್ನು ಕೈಯಾರೆ ಬರೆದು ಬಂದವರಿಗೆ ಡಿ3ಯ 'ಸ್ಕೇಲ್' ಹಳೆಯ ಪರಿಚಯದಂತೆ ಕಾಣುತ್ತದೆ.

ಕಲಿಯುವಾಗ ಪಾಠ ಪೇರಿಸಿಡುವುದು ಎಲ್ಲರಿಗೂ ಬರುವ ಚಟ. ನ್ಯೂಯಾರ್ಕ್‌ನಲ್ಲಿ ಪಾಠ ಹೇಳುವ ಡೇನಿಯಲ್ ಶಿಫ್‌ಮನ್ ಅವರ ವಿಡಿಯೊಗಳು ಚೆನ್ನಾಗಿವೆ, ಇಂಗ್ಲಿಷ್ ಸರಳವಾಗಿದೆ. ಒಂದು ನೋಡಿ ಮುಗಿಸಿ, ಮೂರು ದಿನ ಬೇರೆ ನೋಡಬೇಡಿ. ಆ ಒಂದು ಸ್ಕೆಚ್‌ನ ಸಂಖ್ಯೆಗಳನ್ನು ತಿರುಚಿ. ಎಐ ಕೇಳಿದರೆ ಇಡೀ ಕೋಡ್ ಬರೆದುಕೊಡುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಬಂದ ಕೋಡ್‌ನಲ್ಲಿ ಒಂದು ಸಂಖ್ಯೆ ಬದಲಿಸುವ ಮುಂಚೆ ಚಿತ್ರ ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಪ್ಲೇ ಒತ್ತಿ. ನೀವು ಹೇಳಿದ್ದೇ ಆದರೆ ಆ ಸಾಲು ನಿಮ್ಮದಾಯಿತು.

ಮೊದಲ ಡೇಟಾ ಮನೆಯದ್ದೇ ಇರಲಿ. ಹನ್ನೆರಡು ತಿಂಗಳ ಕರೆಂಟ್ ಬಿಲ್ಲು ತೆಗೆದು ಯೂನಿಟ್‌ಗಳನ್ನು ಬರೆದುಕೊಳ್ಳಿ. ನಮ್ಮ ಮನೆಯದನ್ನು ಮಾಡಿದಾಗ ನಾನು ತಿಂಗಳಿಗೊಂದು ಸಾಲು ಚುಕ್ಕಿ ಇಟ್ಟೆ, ಹತ್ತು ಯೂನಿಟ್‌ಗೆ ಒಂದು ಚುಕ್ಕಿ. ಏಪ್ರಿಲ್‌ನ ಸಾಲು ಉಳಿದವಕ್ಕಿಂತ ಉದ್ದಕ್ಕೆ ಹೊರಗೆ ಚಾಚಿಕೊಂಡಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬೆರಳಿಟ್ಟು ಚುಕ್ಕಿ ಎಣಿಸಿದರು. "ಇಪ್ಪತ್ತೆರಡು. ಆಗ ಅತ್ತೆ ಮನೆಯವರೆಲ್ಲ ಬಂದಿದ್ರಲ್ಲ, ಹಗಲು ರಾತ್ರಿ ಫ್ಯಾನು" ಎಂದರು. ಆಮೇಲೆ ಚುಕ್ಕಿಗಳು ಸಂದಿಗೆ ಯಾಕೆ ಕೂತಿಲ್ಲ ಎಂದು ಕೇಳಿದರು.